ಫೋನ್ ಸರ್ವೆಗೆ ರೀಚಾರ್ಜ್ ಆಸೆ ತೋರಿಸಬೇಕಾ?

ಆರೋಗ್ಯ ಸರ್ವೆಗೆ ಜನ ಫೋನಿನಲ್ಲಿ ಮಾತಾಡಲಿ ಅಂತ 50 ರೂಪಾಯಿ ರೀಚಾರ್ಜ್ ಕೊಡೋದಾ, 100 ಕೊಡೋದಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನೂ ಒಮ್ಮೆ ಇದೇ ಲೆಕ್ಕ ಹಾಕುತ್ತಾ ಕೂತಿದ್ದವನೇ.

ಬೆಂಗಳೂರಿನಲ್ಲಿ ಕೂತು ರಾಯಚೂರು ಕಡೆಯ ಬಾಣಂತಿಯರಿಗೆ ಫೋನ್ ಮಾಡಿ, ಬಸುರಿಯಿದ್ದಾಗ ಕಬ್ಬಿಣದ ಮಾತ್ರೆ ನುಂಗಿದಿರಾ ಅಂತ ಕೇಳುವ ಕೆಲಸ ಅದು. ತಾಯಿ ಕಾರ್ಡ್ ಮಾಡಿಸುವಾಗ ಬರೆಸಿದ ನಂಬರುಗಳು. ಅಂದ ಮೇಲೆ ಹೆಚ್ಚಿನವು ಗಂಡನದ್ದೇ, ಅಲ್ವಾ? ಬೆಳಗ್ಗೆ 11ಕ್ಕೆ ಮಾಡಿದರೆ "ಹೊಲದಾಗ ಅದೀನ್ರಿ, ಈಗ ಆಗಂಗಿಲ್ಲ" ಅನ್ನುತ್ತಿದ್ದರು.

ನಾನು ಕಂಪ್ಯೂಟರಿನಲ್ಲಿ 'ನಿರಾಕರಿಸಿದರು' ಅನ್ನೋ ಗುಂಡಿ ಒತ್ತುತ್ತಿದ್ದೆ. ಪಕ್ಕದಲ್ಲೇ 'ಮತ್ತೆ ಕರೆ ಮಾಡಿ' ಅನ್ನೋ ಗುಂಡಿ ಇತ್ತು. ಆದರೆ ಅದನ್ನು ಒತ್ತಿದರೆ ಯಾವ ದಿನ, ಎಷ್ಟು ಗಂಟೆಗೆ ಅಂತೆಲ್ಲ ತುಂಬಬೇಕು. 'ನಿರಾಕರಿಸಿದರು' ಆದರೆ ಒಂದೇ ಒತ್ತು, ಮುಂದಿನ ನಂಬರು ಬರುತ್ತೆ. ದಿನಕ್ಕೆ ಇಷ್ಟು ಕರೆ ಅಂತ ಟಾರ್ಗೆಟ್ ಬೇರೆ. ಒಮ್ಮೆ 'ನಿರಾಕರಿಸಿದರು' ಅಂತ ಬಿದ್ದರೆ ಆ ನಂಬರು ಪಟ್ಟಿಯಿಂದಲೇ ಹೋಗುತ್ತೆ ಅನ್ನೋದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ. 'ಈಗ ಆಗಂಗಿಲ್ಲ' ಅಂದವರು ಬೇಡ ಅಂದಿರಲೇ ಇಲ್ಲ. ಮೂರು ವಾರದಲ್ಲಿ ಹೊಲ, ಗಾರೆ ಕೆಲಸಕ್ಕೆ ಹೋಗುವ ಮನೆಗಳೇ ಉದುರಿಹೋದವು. ಉಳಿದವರು ಹಗಲು ಮನೆಯಲ್ಲಿ ಫೋನ್ ಇಟ್ಟುಕೊಳ್ಳೋರು. ನಮ್ಮ ವರದಿ ನೋಡಿದರೆ ಎಲ್ಲರೂ ಬಸುರಿಯಿದ್ದಾಗ 180 ದಿನ ಕಬ್ಬಿಣದ ಮಾತ್ರೆ ತಪ್ಪದೆ ನುಂಗಿದವರೇ!

ಆಮೇಲೆ ರೀಚಾರ್ಜ್ ಆಸೆ ತೋರಿಸಿದೆವು. "ಈಗ ಓಟಿಪಿ ಕೇಳ್ತೀರೇನ್ರಿ?" ಅಂತ ಬೈದು ಫೋನ್ ಇಟ್ಟರು. ತಪ್ಪೇನಿಲ್ಲ ಬಿಡಿ, ಅಪರಿಚಿತರು ದುಡ್ಡು ಕೊಡ್ತೀವಿ ಅಂದರೆ ನಾನೂ ಇಡ್ತೀನಿ.

ಆ ದುಡ್ಡಲ್ಲಿ ಸಂಜೆ ಪಾಳಿಗೆ ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಳ್ಳಿ, ಅದೂ ಆ ಕಡೆ ಮಾತು ಬರುವವರನ್ನು. ಹಿಂದಿನ ದಿನವೇ ಆಶಾ ಕಾರ್ಯಕರ್ತೆಯಿಂದ ಮನೆಗೆ ಹೇಳಿಸಿ, ಕರೆ ಯಾವ ನಂಬರಿನಿಂದ ಬರುತ್ತೆ ಅಂತಲೂ. 140ರಿಂದ ಶುರುವಾಗುವ ನಂಬರು ಬೇಡವೇ ಬೇಡ, ಅದು ಜಾಹೀರಾತಿನದ್ದು ಅಂತ ಜನಕ್ಕೆ ಗೊತ್ತು. ಗಂಡ ಎತ್ತಿ "ನಾನೇ ಹೇಳ್ತೀನಿ" ಅಂದರೆ ಒಪ್ಪಬೇಡಿ. ಹೆಂಡತಿ ಎಷ್ಟು ಮಾತ್ರೆ ನುಂಗಿದಳು ಅಂತ ಅವನಿಗೇನು ಗೊತ್ತು?

ಕೊನೆಗೆ ಉದುರಿದ ನಂಬರುಗಳನ್ನು ಹುಡುಕಿ ತೆಗೆಸಿ, ಸಂಜೆ 7ರ ಮೇಲೆ ಮತ್ತೆ ಮಾಡಿದೆವು. ಒಬ್ಬಾಕೆ ಫೋನ್ ತಗೊಂಡವಳೇ ಕೇಳಿದಳು: "ಅವತ್ತ ನಮ್ಮ ಮನೆಯವ್ರಿಗೆ ಮಾಡಿದ್ರಂತಲ್ರಿ, ಆಮ್ಯಾಲೆ ಯಾಕ ಮಾಡಲಿಲ್ಲ?"