ಕೂಗೋಕೆ ಗಾಳಿ ಎಲ್ಲಿಂದ ಬಂತು?

ನಮಸ್ಕಾರ. ಊಟ ಮಾಡುವಾಗ ತುತ್ತು ಸಿಕ್ಕಿ ಉಸಿರು ಕಟ್ಟಿದರೆ ಏನು ಮಾಡಬೇಕು ಅಂತ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಮದುವೆ ಪಂಕ್ತಿಯ ಚಿತ್ರವೂ ಚೆನ್ನಾಗಿದೆ. ಎರಡು ಸಾಲು ಮಾತ್ರ ಸಿಟ್ಟು ತರಿಸಿದವು.

‘ಹೋಳಿಗೆ ಸಿಕ್ಕಿಕೊಂಡ ಮಾವ ಜೋರಾಗಿ ಕೆಮ್ಮುತ್ತಾ, ಉಸಿರು ಕಟ್ತಿದೆ ಎಂದು ಕೂಗಿದರು.’ ಕೂಗೋಕೆ ಗಾಳಿ ಎಲ್ಲಿಂದ ಬಂತು ಮಾರಾಯ್ರೆ? ಜೋರಾಗಿ ಕೆಮ್ಮುತ್ತಿದ್ದಾರೆ, ಮಾತಾಡುತ್ತಿದ್ದಾರೆ ಅಂದರೆ ಗಾಳಿ ಇನ್ನೂ ಆಡುತ್ತಿದೆ. ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು ಅಂತ ತಲೆ ತಟ್ಟುತ್ತೇವಲ್ಲ, ಆ ಜಾತಿಯದು. ಕೆಮ್ಮಲು ಬಿಟ್ಟು ಪಕ್ಕದಲ್ಲೇ ನಿಂತಿರಬೇಕು. ಪೂರ್ತಿ ಕಟ್ಟಿಕೊಂಡವರು ಸದ್ದೇ ಮಾಡಲ್ಲ. ಕೈ ಗಂಟಲಿಗೆ ಹೋಗುತ್ತದೆ, ತುಟಿ ನೀಲಿಯಾಗುತ್ತದೆ, ಪಕ್ಕದ ಎಲೆಯವರು ಪಾಯಸಕ್ಕೆ ಕಾಯುತ್ತಾ ಕೂತಿರುತ್ತಾರೆ. ನಿಮ್ಮ ಮಾವ ಅಷ್ಟು ಗಲಾಟೆ ಮಾಡಿದರೆ ಓದುಗ ಆ ಸದ್ದನ್ನೇ ಕಾಯುತ್ತಾನೆ, ಅಲ್ವಾ?

ಇನ್ನೊಂದು: ‘ಉದರ ಭಾಗದಲ್ಲಿ ಸೂಕ್ತ ಒತ್ತಡ ಪ್ರಯೋಗಿಸತಕ್ಕದ್ದು.’ ಹೊಟ್ಟೆ ಒತ್ತುವ ಈ ವಿಧಾನ ಹೇಳಿಕೊಟ್ಟ ವೈದ್ಯ ಹೈಮ್ಲಿಕ್ ಹೆಸರು ಹಾಕಿದ್ದೀರಿ, 1974 ಅಂತ ಇಸವಿಯನ್ನೂ ಹಾಕಿದ್ದೀರಿ, ಕೈ ಎಲ್ಲಿಡಬೇಕು ಅಂತ ಮಾತ್ರ ಇಲ್ಲ. ನಾನು ಡೆಸ್ಕಿಗೆ ಸೇರಿದ ಹೊಸದರಲ್ಲಿ ಮೂಗಿನಲ್ಲಿ ರಕ್ತ ಬಂದರೆ ‘ತಲೆಯನ್ನು ಸೂಕ್ತ ಭಂಗಿಯಲ್ಲಿ ಇರಿಸಿ’ ಅಂತ ಬರೆದಿದ್ದೆ. ಹಿರಿಯ ಉಪಸಂಪಾದಕರು ಓದಿಸಿ, ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ‘ಇದು ಸೂಕ್ತನಾ?’ ಅಂದರು. ಮುಂದಕ್ಕೆ ಬಗ್ಗಬೇಕಿತ್ತು. ರಕ್ತ ನುಂಗಿಸಿಬಿಟ್ಟೆಯಲ್ಲೋ ಅಂತ ಇಡೀ ಡೆಸ್ಕ್ ನಕ್ಕಿತು. ಆವತ್ತಿಂದ ‘ಸೂಕ್ತ’ ಕಂಡರೆ ನನಗಾಗಲ್ಲ.

ಹೀಗೆ ಬರೆಯಿರಿ: ಪೂರ್ತಿ ಕಟ್ಟಿಕೊಂಡವರನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಎರಡು ರೆಕ್ಕೆ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಜೋರಾಗಿ ಹೊಡೆಯಿರಿ. ಬರಲಿಲ್ಲವೇ, ಹಿಂದೆ ನಿಂತು ಸೊಂಟ ಬಳಸಿ, ಒಂದು ಮುಷ್ಟಿಯನ್ನು ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಪಕ್ಕೆಲುಬಿಗೆ ತಾಗದಂತೆ ಇಟ್ಟು, ಇನ್ನೊಂದು ಕೈಯಿಂದ ಹಿಡಿದು, ಒಳಕ್ಕೂ ಮೇಲಕ್ಕೂ 5 ಸಲ ಎಳೆಯಿರಿ. ತುತ್ತು ಹೊರಬರುವ ತನಕ ಇದೇ ಸರದಿ, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎಚ್ಚರ ತಪ್ಪಿ ಕುಸಿದರೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದು. ಗರ್ಭಿಣಿಯರಿಗೂ, ಒಂದು ವರ್ಷದೊಳಗಿನ ಕೂಸಿಗೂ ಹೊಟ್ಟೆ ಒತ್ತುವಂತಿಲ್ಲ, ಎದೆ ಒತ್ತಬೇಕು. ಕೂಸಿನದಕ್ಕೆ ಬೇರೆಯೇ ಬಾಕ್ಸ್ ಮಾಡೋಣ. ‘ನೀರು ಕುಡಿಸಿ’ ಅನ್ನೋದನ್ನು ನಾನೇ ಹೊಡೆದುಹಾಕಿದ್ದೇನೆ.

ತಿದ್ದಿದ ಮೇಲೆ ಮನೆಯವರಿಗೆ ಓದಿ ಹೇಳಿ, ಅವರು ದಿಂಬಿನ ಮೇಲೆ ಮಾಡಿ ತೋರಿಸಲಿ. ನಿಮ್ಮ ಮೇಲೆ ಬೇಡ, ಪೆಟ್ಟು ಜೋರಾಗೇ ಇರುತ್ತದೆ.