‘ನೀಡಲ್ಪಟ್ಟ’ ಸಾಹಿತಿ

ಓದುಗರ ಪತ್ರ: ನಾನು ‘ಅವರು ಪ್ರಶಸ್ತಿ ನೀಡಲ್ಪಟ್ಟರು’ ಎಂದು ಬರೆದಿದ್ದೆ. ನೀವು ‘ಅವರಿಗೆ ಪ್ರಶಸ್ತಿಯನ್ನು ನೀಡಲಾಯಿತು’ ಎಂದು ತಿದ್ದಿದಿರಿ. ಇಂಗ್ಲಿಷಿನಲ್ಲಿ ಪಡೆದವರೇ ವಾಕ್ಯದ ಕರ್ತೃವಾಗುತ್ತಾರೆ. ಕನ್ನಡದಲ್ಲೇಕೆ ಕೂಡದು? ನಮ್ಮ ವ್ಯಾಕರಣ ಅಷ್ಟು ಬಡವೇ?

ಸಂಪಾದಕರ ಉತ್ತರ: ತಿದ್ದುಪಡಿಯನ್ನು ಗಮನಿಸಿ ಕೇಳಿದಿರಲ್ಲ, ಸಂತೋಷ. ಕನ್ನಡದಲ್ಲಿ ‘ಪಡು’ ಇದೆ, ‘ಕೊಲ್ಲಲ್ಪಟ್ಟನು’ ಸರಿಯಾದ ಪ್ರಯೋಗವೇ, ಒಪ್ಪಿದೆ. ಆದರೆ ‘ಕೊಡು’ವಿನ ಪಂಕ್ತಿಯಲ್ಲಿ ಪಡೆಯುವವನ ಎಲೆಗೆ ‘ಗೆ’ ಎಂದು ಬರೆದಾಗಿದೆ. ವಾಕ್ಯವನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೂ ಆ ಎಲೆ ಕದಲದು.

ಇದು ಬಡತನವೆಂದರೆ ಸಂಸ್ಕೃತವೂ ಬಡವೇ. ಅಲ್ಲಿ ‘ವಿಪ್ರಾಯ ಗೌಃ ದೀಯತೇ’, ಅಂದರೆ ವಿಪ್ರನಿಗೆ ಹಸು ಕೊಡಲ್ಪಡುತ್ತದೆ: ಹಸು ಕರ್ತೃವಿನ ಪ್ರಥಮೆಗೆ ಏರಿತು, ವಿಪ್ರ ನಮ್ಮ ‘ಗೆ’ಯಂಥ ಚತುರ್ಥಿಯಲ್ಲೇ ಉಳಿದ. ಪಾಣಿನಿ ಅವನನ್ನು ಸಂಪ್ರದಾನ, ಅಂದರೆ ಪಡೆಯುವವನು, ಎಂದು ಕರೆದ, ಕರ್ಮವೆನ್ನಲಿಲ್ಲ. ಎರಡೂ ಕರ್ಮವಾಗುವ ದ್ವಿಕರ್ಮಕ ಧಾತುಗಳ ಮಾತೇ ಬೇರೆ. ‘ಗಾಂ ದೋಗ್ಧಿ ಪಯಃ’ (ಹಸುವಿನಿಂದ ಹಾಲು ಕರೆಯುತ್ತಾನೆ) ಎಂಬಲ್ಲಿ ಹಾಲು ಮುಖ್ಯಕರ್ಮ, ಹಸು ಗೌಣ. ತಿರುಗಿಸಿದರೆ ‘ಗೌಃ ದುಹ್ಯತೇ ಪಯಃ’, ಅಂದರೆ ಗೌಣಕರ್ಮವೇ ಮೇಲೇರುತ್ತದೆ! ‘ಒಯ್ಯು’ ಎಂಬರ್ಥದ ‘ನೀ’ ಧಾತುವಿನಲ್ಲಿ ಇದಕ್ಕೆ ತದ್ವಿರುದ್ಧ: ‘ಅಜಾ ಗ್ರಾಮಂ ನೀಯತೇ’ (ಆಡು ಊರಿಗೆ ಒಯ್ಯಲ್ಪಡುತ್ತದೆ), ಮುಖ್ಯಕರ್ಮವಾದ ಆಡು ಮೇಲಕ್ಕೆ, ಊರು ನಮ್ಮ ‘ಅನ್ನು’ವಿನಂಥ ದ್ವಿತೀಯೆಯಲ್ಲೇ. ಯಾವುದು ಏರಬೇಕೆಂದು ಧಾತುವೇ ತೀರ್ಮಾನಿಸುತ್ತದೆ.

ಜರ್ಮನ್ನಿನಲ್ಲೂ ‘ಈಮ್ ವುರ್ಡೆ ಐನ್ ಬೂಖ್ ಗೆಗೇಬೆನ್’ (ಅವನಿಗೆ ಒಂದು ಪುಸ್ತಕ ಕೊಡಲಾಯಿತು); ‘ಈಮ್’ ಎಂದರೆ ‘ಅವನಿಗೆ’. ಅವನನ್ನೇ ಮುಂದೆ ಕೂರಿಸಬೇಕೆಂದರೆ ಅವರು ‘ಪಡೆ’ ಎಂಬರ್ಥದ ‘ಬೆಕಾಮ್’ ತರುತ್ತಾರೆ. ನಾವೂ ಅಷ್ಟೇ, ‘ಪ್ರಶಸ್ತಿ ಪಡೆದ ಸಾಹಿತಿ’ ಎನ್ನುತ್ತೇವೆ. ನೀವು ಮಾದರಿಯಾಗಿ ಹಿಡಿದ ಇಂಗ್ಲಿಷಿನಲ್ಲೂ ಪಡೆದವರು ಕರ್ತೃವಾಗುವುದು ಹುಟ್ಟುಗುಣವಲ್ಲ. ಚತುರ್ಥಿ, ದ್ವಿತೀಯೆಗಳ ಗುರುತು ಸವೆದು ಒಂದಾದ ಮೇಲೆ ಬಂದ ರೂಢಿ. ನಮ್ಮ ‘ಗೆ’, ‘ಅನ್ನು’ ಇನ್ನೂ ಗಟ್ಟಿಯಾಗಿರುವಾಗ ಆ ಅವಸರವೇಕೆ?

ನಿಮ್ಮೊಬ್ಬರ ತಪ್ಪೂ ಅಲ್ಲ ಇದು. ‘ರಾಮನಿಂದ ಮರವು ಕಡಿಯಲ್ಪಟ್ಟಿತು’ ಎಂದು ಪ್ರಯೋಗ ಬದಲಿಸಿದರೆ ಶಾಲೆಯಲ್ಲಿ ಅಂಕ ಸಿಗುತ್ತದೆ. ಮನೆಯಲ್ಲಿ ಹಾಗೆ ಮಾತನಾಡಿದವರುಂಟೇ? ಪತ್ರಿಕಾ ಪ್ರಕಟಣೆಗಳಲ್ಲಂತೂ ಅತಿಥಿಗಳೇ ‘ಹೂಗುಚ್ಛ ನೀಡಲ್ಪಡು’ತ್ತಾರೆ.

‘ಲಾಯಿತು’ ಬಳಸುವಾಗಲೂ ಎರಡು ಎಚ್ಚರ. ‘ಪುಸ್ತಕಗಳನ್ನು ನೀಡಲಾಯಿತು’ ಎಂದೇ ಬರೆಯಿರಿ. ‘ಅನ್ನು’ ಇದ್ದರೆ ಕ್ರಿಯಾಪದ ಬಹುವಚನಕ್ಕೆ ಹೋಗದು. ‘ಪುಸ್ತಕಗಳು ಕೊಡಲ್ಪಟ್ಟವು’ ಎಂಬಲ್ಲಿ ಮಾತ್ರ ಹೋಗುತ್ತದೆ. ಇನ್ನು, ಕೊಟ್ಟವರ ಹೆಸರಿಗೆ ‘ಇಂದ’ ಹಚ್ಚಬೇಡಿ. ಈ ರೂಪ ಇರುವುದೇ ಮಾಡಿದವರನ್ನು ಮರೆಮಾಡಲು; ಕಚೇರಿಗಳಿಗೆ ಅದು ಅಷ್ಟು ಪ್ರಿಯವಾಗಿರುವುದೂ ಅದಕ್ಕೇ. ‘ಸಚಿವರಿಂದ ಪ್ರಶಸ್ತಿ ಕೊಡಲಾಗಲಿಲ್ಲ’ ಎಂದು ಅಚ್ಚಾದರೆ, ಪಾಪ, ಅವರಿಗೆ ಕೈಲಾಗಲಿಲ್ಲ ಎಂದೇ ಜನ ಓದುತ್ತಾರೆ.