ಪ್ರಶ್ನೋತ್ತರ: ಬಣ್ಣದ ಘಟಕದ ಉಪ್ಪುನೀರು

ಪ್ರಶ್ನೆ: ನಮ್ಮದು ಹತ್ತಿ ಬಟ್ಟೆಗೆ ಬಣ್ಣ ಹಾಕುವ ಘಟಕ. ದಿನಕ್ಕೆ 100 ಕಿಲೋಲೀಟರ್ ನೀರು ಇಟಿಪಿ (ತ್ಯಾಜ್ಯನೀರು ಶುದ್ಧೀಕರಣ ಘಟಕ) ದಾಟಿ, ಒತ್ತಡದಿಂದ ಪೊರೆಯ ಮೂಲಕ ಸೋಸುವ ಆರ್‌ಒಗೆ ಬರುತ್ತದೆ, ಟಿಡಿಎಸ್ (ಕರಗಿದ ಉಪ್ಪಿನಂಶ) ಲೀಟರಿಗೆ 7,000 ಮಿಲಿಗ್ರಾಂ. ಶೇ 80ರಷ್ಟು ನೀರು ಮರಳಿ ಸಿಗುತ್ತಿದೆ. ಉಳಿಯುವ ಉಪ್ಪುನೀರನ್ನು (ರಿಜೆಕ್ಟ್) ಕುದಿಸಿ ಆವಿ ಮಾಡುವ ಖರ್ಚು ಭರಿಸಲಾಗುತ್ತಿಲ್ಲ. ಒತ್ತಡ ಏರಿಸಿ ಶೇ 92ರಷ್ಟು ತೆಗೆಯಬಹುದೇ?
– ದೊಡ್ಡಬಳ್ಳಾಪುರದ ಓದುಗರು

ಉತ್ತರ: ಬೇಡ. ಶೇ 80 ತೆಗೆದಾಗ ಉಪ್ಪು ಐದು ಪಟ್ಟು ಸಾಂದ್ರವಾಗಿ ರಿಜೆಕ್ಟ್ 35,000 ಮುಟ್ಟುತ್ತದೆ, ಸಮುದ್ರದ ನೀರಿನಷ್ಟು. ಶೇ 92ಕ್ಕೆ ಹನ್ನೆರಡೂವರೆ ಪಟ್ಟು, 87,500. ಅದೆಲ್ಲ ಅಡುಗೆ ಉಪ್ಪೇ ಆಗಿದ್ದರೆ ಆಸ್ಮಾಟಿಕ್ ಒತ್ತಡವೇ (ಪಂಪು ಮೀರಬೇಕಾದ ಉಪ್ಪಿನ ಎದುರೊತ್ತಡ) ಸುಮಾರು 70 ಬಾರ್. ಸಮುದ್ರದ ನೀರಿಗೆಂದು ಮಾಡಿದ ಸಾಮಾನ್ಯ ಮೆಂಬ್ರೇನ್ (ಪೊರೆ) ತಾಳುವುದು 83 ಬಾರ್ ವರೆಗೆ. ಉಳಿದ ಅಷ್ಟರಲ್ಲಿ ನೀರು ತೊಟ್ಟಿಕ್ಕುತ್ತದಷ್ಟೆ.

ಆ ಹಂತಕ್ಕೂ ಮೊದಲೇ ಸಿಲಿಕಾ ಅಡ್ಡ ಬರುತ್ತದೆ. ಬೋರ್‌ವೆಲ್ ನೀರಿನಲ್ಲಿ 30 ಮಿಲಿಗ್ರಾಂ ಇದ್ದರೂ ಐದು ಪಟ್ಟಿಗೆ 150. ತಟಸ್ಥ ಪಿಎಚ್‌ನಲ್ಲಿ, 25 ಡಿಗ್ರಿಯಲ್ಲಿ ಕರಗಿರಬಲ್ಲದ್ದು ಸುಮಾರು 120. ಒಮ್ಮೆ ಗಾಜಿನಂತೆ ಕೂತ ಸಿಲಿಕಾವನ್ನು ಆಮ್ಲ ಬಿಡಿಸುವುದಿಲ್ಲ. ಹಾಗಾಗಿ ಹಣ ಹಾಕಬೇಕಾದ್ದು ಪಂಪಿಗಲ್ಲ, ಸೋಸುವಿಕೆಯನ್ನು ಎರಡು ಹಂತ ಮಾಡಿ ಅವುಗಳ ನಡುವೆ ಇಡುವ ತೊಟ್ಟಿಗೆ. ಮೊದಲ ಆರ್‌ಒ ಹಂತವನ್ನು ಸಿಲಿಕಾ ಮಿತಿಯೊಳಗೆ, ಶೇ 70–75ರಲ್ಲೇ ನಿಲ್ಲಿಸಿ. ಅದರ ರಿಜೆಕ್ಟ್‌ಗೆ ಸುಣ್ಣ, ಸೋಡಾ ಆ್ಯಶ್ ಹಾಕಿ ಪಿಎಚ್ 10.5–11ಕ್ಕೆ ಏರಿಸಿ. ಗಡಸುತನ ಕೆಳಗಿಳಿಯುತ್ತದೆ, ಮೆಗ್ನೀಷಿಯಂ ಹೈಡ್ರಾಕ್ಸೈಡ್ ಕೂರುವಾಗ ಸಿಲಿಕಾವನ್ನೂ ಎಳೆದೊಯ್ಯುತ್ತದೆ. ಮೆಗ್ನೀಷಿಯಂ ಕಡಿಮೆಯಿದ್ದರೆ ಹೊರಗಿನಿಂದ ಸೇರಿಸಿ. ತಿಳಿನೀರನ್ನು ಅಲ್ಟ್ರಾಫಿಲ್ಟರ್‌ನಲ್ಲಿ ಸೋಸಿ, ಪಿಎಚ್ ಏಳಕ್ಕೆ ಇಳಿಸಿ, ಎಸ್‌ಡಿಐ (ಪೊರೆ ಕಟ್ಟಿಸಬಲ್ಲ ಸಣ್ಣ ಕಣಗಳ ಅಳತೆ) 3ರೊಳಗಿದ್ದರೆ ಮಾತ್ರ ಎರಡನೇ ಹಂತಕ್ಕೆ ಬಿಡಿ. 65–70 ಬಾರ್‌ನಲ್ಲಿ ಒಟ್ಟು ಶೇ 88 ಸಾಧ್ಯ. ಕುದಿಸಬೇಕಾದ ನೀರು 20ರಿಂದ 12 ಕಿಲೋಲೀಟರಿಗೆ ಇಳಿಯುತ್ತದೆ.

ನೀವು ಗ್ಲಾಬರ್ಸ್ ಸಾಲ್ಟ್ (ಸೋಡಿಯಂ ಸಲ್ಫೇಟ್) ಬಳಸುತ್ತಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ. ಡೈಬಾತ್‌ನ (ಬಣ್ಣ ಹಾಕುವ ತೊಟ್ಟಿಯ) ಮೊದಲ ನೀರನ್ನು ತೊಳೆದ ನೀರಿಗೆ ಬೆರೆಸದೆ ಬೇರೆಯಾಗಿ ಹಿಡಿಯಿರಿ. ನ್ಯಾನೊಫಿಲ್ಟರ್ ಸಲ್ಫೇಟನ್ನು ತಡೆದು ಕ್ಲೋರೈಡನ್ನು ಬಿಡುತ್ತದೆ. ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಿದ ಮೇಲೆ ಅಲ್ಲಿ ಸಲ್ಫೇಟ್ ಉಪ್ಪುನೀರನ್ನು ಮತ್ತೆ ಡೈಯಿಂಗ್‌ಗೇ ಬಳಸುವ ರೂಢಿ ಬೆಳೆಯಿತು. ಆ ನೀರಿನಲ್ಲಿ ಬಣ್ಣ, ಗಡಸುತನ ಉಳಿದಿದ್ದರೆ ಮಾತ್ರ ಶೇಡ್ ಕೆಡುತ್ತದೆ.

ಪ್ರಶ್ನೆ: ಮೆಂಬ್ರೇನನ್ನು ಸಿಟ್ರಿಕ್ ಆಮ್ಲದಲ್ಲಿ ತೊಳೆದರೂ ವಾರದೊಳಗೆ ಮತ್ತೆ ನೀರಿನ ಹರಿವು ಇಳಿಯುತ್ತದೆ. ಏಕೆ?

ಉತ್ತರ: ಬಹುಶಃ ಕೂತಿರುವುದು ಸುಣ್ಣವಲ್ಲ, ಸಾವಯವ ಕೊಳೆ. ಆಮ್ಲ ಮೊದಲು ಹೋದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಮೊದಲು ಶೇ 0.1 ಕಾಸ್ಟಿಕ್ ಸೋಡಾ ದ್ರಾವಣ, ಪಿಎಚ್ 12 ಮೀರದಂತೆ, 30 ಡಿಗ್ರಿಯಲ್ಲಿ; ಆಮೇಲೆ ಆಮ್ಲ. ಹರಿವು ಶೇ 10–15 ಇಳಿದ ಕೂಡಲೇ ತೊಳೆಯಿರಿ. ಫಿನಿಶಿಂಗ್‌ನ ಕ್ಯಾಟಯಾನಿಕ್ ಸಾಫ್ಟನರ್ (ಬಟ್ಟೆ ಮೃದುಗೊಳಿಸುವ, ಧನ ವಿದ್ಯುದಂಶದ ರಾಸಾಯನಿಕ) ಈ ನೀರಿನ ಚರಂಡಿಗೆ ಸೇರುತ್ತಿದೆಯೇ ಎಂದೂ ನೋಡಿ. ಪಾಲಿಅಮೈಡ್ ಪೊರೆಯ ಮೇಲ್ಮೈ ಋಣ ವಿದ್ಯುದಂಶದ್ದು, ಸಾಫ್ಟನರ್ ಅಂಟಿದರೆ ಬಿಡಿಸುವುದು ಬಹಳ ಕಷ್ಟ.

ಪ್ರಶ್ನೆ: ಬಿಸಿ ನೀರಿನ ಆವಿಯನ್ನಷ್ಟೇ ಪೊರೆಯ ರಂಧ್ರ ದಾಟಿಸುವ ಮೆಂಬ್ರೇನ್ ಡಿಸ್ಟಿಲೇಶನ್ ಒಳ್ಳೆಯದೇ?

ಉತ್ತರ: ಬಾಯ್ಲರ್‌ನ ವ್ಯರ್ಥ ಶಾಖ ಸಿಗುವಲ್ಲಿ ಯೋಚಿಸಬಹುದು, 60 ಡಿಗ್ರಿಯ ನೀರು ಸಾಕು. ಬಣ್ಣದ ನೀರಿನಲ್ಲಿರುವ ಸರ್ಫ್ಯಾಕ್ಟಂಟ್ (ಸೋಪಿನಂಥ ರಾಸಾಯನಿಕ) ಮಾತ್ರ ಅದಕ್ಕೆ ಶತ್ರು. ರಂಧ್ರಗಳು ಒದ್ದೆಯಾಗಿ ಆವಿಯ ಬದಲು ಉಪ್ಪುನೀರೇ ದಾಟುತ್ತದೆ. ಸಣ್ಣ ಮಾಡ್ಯೂಲ್‌ನಲ್ಲಿ ನಿಮ್ಮದೇ ನೀರು ಹರಿಸಿ, ಶುದ್ಧ ನೀರಿನ ಕಂಡಕ್ಟಿವಿಟಿ (ಉಪ್ಪಿನಂಶ ತೋರುವ ವಿದ್ಯುತ್ ವಾಹಕತೆ) ಏರುತ್ತದೆಯೇ ಎಂದು ಕೆಲವು ವಾರ ನೋಡಿದ ಮೇಲೆ ಖರೀದಿಯ ಮಾತು.